ಮಂದ್ರದ ಬೆಲೆ

ಈ ಹೊತ್ತು ನಿಮ್ಮ ಮನೆಯ ರೇಡಿಯೊದಿಂದ ಹೊರಡುತ್ತಿರುವ ದನಿ ಅರುವತ್ತು ದಾಟಿದ ಗಂಡಸೊಬ್ಬನದು ಎಂಬುದು ಯಾರೂ ಹೇಳದೆಯೇ ನಿಮಗೆ ತಿಳಿದಿದೆ. ಇದರಲ್ಲಿ ಒಂದು ಸೋಜಿಗವುಂಟು. ಗಂಡಸಿನ ಮಾತಿನ ಮೂಲಸ್ವರ ಸೆಕೆಂಡಿಗೆ ಸುಮಾರು ೧೦೦ರಿಂದ ೧೩೦ ಕಂಪನಗಳದು. ಅಂಗೈಯಗಲದ ರೇಡಿಯೊದೊಳಗಿನ ಪುಟ್ಟ ಧ್ವನಿವರ್ಧಕ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲು ಅಶಕ್ತ. ಹೊರಡಿಸಿದರೂ ಅದು ಲೆಕ್ಕಕ್ಕೆ ಬಾರದಷ್ಟು ಕ್ಷೀಣ. ಹಳೆಯ ದೂರವಾಣಿಯಂತೂ ೩೦೦ ಕಂಪನಗಳ ಕೆಳಗಿನದನ್ನೆಲ್ಲ ಕತ್ತರಿಸಿಯೇ ಕಳಿಸುತ್ತಿತ್ತು. ಆದರೂ ದೂರದ ಊರಿನಿಂದ ಮಾತಾಡಿದ ತಂದೆಯ ದನಿ ತಂದೆಯದಾಗಿಯೇ ಕೇಳಿಸುತ್ತಿತ್ತಲ್ಲ! ಮೂಲಸ್ವರ ಬಾರದಿದ್ದರೂ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳ ಉಪಸ್ವರಗಳು ಬಂದರೆ ಸಾಕು, ಮಿದುಳು ಇಲ್ಲದ ಮೂಲವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ತಾಳೆಯೋಲೆಯಲ್ಲಿ ಹುಳು ತಿಂದ ಅಕ್ಷರವನ್ನು ಪ್ರಾಸವನ್ನೂ ಗಣವನ್ನೂ ನೋಡಿ ಸಂಪಾದಕನು ತುಂಬಿಕೊಳ್ಳುವ ಹಾಗೆ.

ಹಾಗಿದ್ದ ಮೇಲೆ, ಮಿದುಳು ಬಿಟ್ಟಿಯಾಗಿ ಒದಗಿಸುವ ಮಂದ್ರಕ್ಕಾಗಿ ಹಣ ತೆರುವುದೇಕೆ? ಅದೂ ಒಂದು ಕಾರಿನ ಬೆಲೆಯಷ್ಟು? ಈ ಪ್ರಶ್ನೆ ನನ್ನದಲ್ಲ. ನಾನು ಅಧ್ಯಾಪಕನಾದ ಮೊದಲ ವರ್ಷ ನನ್ನ ತರಗತಿಯಲ್ಲಿ ಕುಳಿತಿದ್ದ, ಈಗ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿರುವ ಒಬ್ಬರ ಧರ್ಮಪತ್ನಿಯದು. ಅವರ ಯಜಮಾನರು ಮನೆಗೊಂದು 'ಸಬ್‌ವೂಫರ್' ತರುವ ಸನ್ನಾಹದಲ್ಲಿದ್ದರು. ಅದಕ್ಕೆ ತೆಗೆಯಬೇಕೆಂದಿದ್ದುದು ಊರಿನ ಹಿರಿಯರ ಮನೆಯ ಮಾಡಿನ ದುರಸ್ತಿಗೆಂದು ಎತ್ತಿಟ್ಟ ಹಣ. ಗುರುಗಳ ಮಾತಿಗೆ ಬೆಲೆಯುಂಟೆಂಬ ಹಳೆಯ ನಂಬಿಕೆಯಿಂದ ಆಕೆ ನನ್ನನ್ನು ಮಧ್ಯಸ್ಥನನ್ನಾಗಿ ಕರೆಸಿದರು. ಕನ್ನಡದ ಮೇಷ್ಟ್ರಿಗೂ ಧ್ವನಿವರ್ಧಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆಮೇಲೆ ಭೌತಶಾಸ್ತ್ರದ ಮಿತ್ರರೊಬ್ಬರ ಕಾಲು ಹಿಡಿದು, ಒಂದಿಷ್ಟು ಓದಿ, ಒಂದಿಷ್ಟು ಕೇಳಿ ತಿಳಿದದ್ದನ್ನು ಇಲ್ಲಿ ಅರಿಕೆ ಮಾಡುತ್ತಿದ್ದೇನೆ.

ಸಬ್‌ವೂಫರ್ ಎಂದರೆ ಮಂದ್ರದ ಕೆಳಗಿನ ಮಂದ್ರಕ್ಕೆಂದೇ ಮೀಸಲಾದ ಧ್ವನಿವರ್ಧಕ. ಸೆಕೆಂಡಿಗೆ ಒಂದು ಕಂಪನಕ್ಕೆ ಒಂದು ಹರ್ಟ್ಸ್ ಎಂದು ಹೆಸರು. ಮನುಷ್ಯನ ಕಿವಿ ಸುಮಾರು ೨೦ ಹರ್ಟ್ಸ್‌ನಿಂದ ೨೦,೦೦೦ ಹರ್ಟ್ಸ್‌ವರೆಗೆ ಕೇಳಬಲ್ಲದು. ಸಾಮಾನ್ಯ ಧ್ವನಿವರ್ಧಕಗಳು ೫೦ ಅಥವಾ ೬೦ರ ಹತ್ತಿರ ಸೋತು ಕೈಚೆಲ್ಲುತ್ತವೆ. ಅಲ್ಲಿಂದ ಕೆಳಗಿನ ಒಂದೂವರೆ ಸ್ಥಾಯಿ ಸಬ್‌ವೂಫರಿನ ರಾಜ್ಯ. ೧೯೭೪ರಲ್ಲಿ 'ಅರ್ಥ್‌ಕ್ವೇಕ್' ಎಂಬ ಅಮೆರಿಕದ ಚಲನಚಿತ್ರ ಬಂದಾಗ ಥಿಯೇಟರುಗಳಲ್ಲಿ ಭಾರಿ ಪೆಟ್ಟಿಗೆಗಳನ್ನಿಟ್ಟು ಭೂಕಂಪದ ಗುಡುಗನ್ನು ಪ್ರೇಕ್ಷಕರ ಆಸನಕ್ಕೇ ತಲುಪಿಸಿದರು. ಜನಸಾಮಾನ್ಯರಿಗೆ ಈ ಪಾತಾಳಸ್ವರದ ರುಚಿ ಹತ್ತಿದ್ದು ಆಗ ಎನ್ನಬಹುದು. ಅಲ್ಲಿಂದ ಅದು ಮನೆಯ ಹಜಾರಕ್ಕೆ ಇಳಿಯಿತು.

ನನ್ನ ಶಿಷ್ಯರಿಗೆ ಈ ಹುಚ್ಚು ಹಿಡಿದದ್ದು ಸಿನಿಮಾದಿಂದಲ್ಲ. ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಅವರು ಸಿಡ್ನಿಯ ಪುರಭವನದ ಆರ್ಗನ್ ವಾದ್ಯವನ್ನು ಕೇಳಿ ಬಂದಿದ್ದರು. ಇಂಗ್ಲೆಂಡಿನ ವಿಲಿಯಂ ಹಿಲ್ ಸಂಸ್ಥೆ ಕಟ್ಟಿದ, ೧೮೯೦ರಲ್ಲಿ ಮೊದಲು ನುಡಿದ ಆ ವಾದ್ಯದಲ್ಲಿ ೬೪ ಅಡಿಯ ಶ್ರೇಣಿಯ ಕೊಳವೆಗಳಿವೆ. ಅದರ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು ಎಂಟೇ ಕಂಪನ. ಅದು ಕೇಳುವ ಸ್ವರವಲ್ಲ. ಎದೆಗೂಡಿಗೆ, ಕುಳಿತ ಹಲಗೆಗೆ ತಿಳಿಯುವ ಸ್ವರ. "ಸಾರ್, ದೇವಸ್ಥಾನದ ಗಂಟೆ ನಿಂತ ಮೇಲೆ ಕಂಬಕ್ಕೆ ಕೈಯಿಟ್ಟರೆ ತಿಳಿಯುತ್ತದಲ್ಲ, ಹಾಗೆ" ಎಂದರು ಅವರು. ಇಷ್ಟು ಕಂಡವರ ಆಸೆಯನ್ನು ಬರಿಯ ಷೋಕಿ ಎಂದು ತಳ್ಳಿಹಾಕುವುದು ನನ್ನಿಂದಾಗಲಿಲ್ಲ.

ನಾನು ಪಕ್ಷಪಾತವಿಲ್ಲದ ಮಧ್ಯಸ್ಥನೂ ಅಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ಥಾಯಿಯನ್ನು. ಮೊಮ್ಮಗಳು ಪದ್ಯ ಓದುವಾಗ ಸಕಾರ ಶಕಾರಗಳ ವ್ಯತ್ಯಾಸ ಈಚೆಗೆ ನನಗೆ ಸ್ಪಷ್ಟವಾಗುವುದಿಲ್ಲ. ಜೀವಮಾನವೆಲ್ಲ ವಿದ್ಯಾರ್ಥಿಗಳ ಸಕಾರ ಶಕಾರಗಳನ್ನು ತಿದ್ದಿದವನಿಗೆ ಬಂದ ಶಿಕ್ಷೆಯಿದು! ಕೊಳಲಿನ ಉಸಿರು, ತಾಳದ ಕಿಣಿಕಿಣಿ ಇವೂ ಮಸುಕಾಗಿವೆ. ಮಂದ್ರ ಮಾತ್ರ ಇದ್ದ ಹಾಗೆಯೇ ಇದೆ. ಮುಪ್ಪಿನಲ್ಲಿ ಉಳಿದ ಆಸ್ತಿಯ ಮೇಲೆ ಯಾರಿಗೆ ಅಕ್ಕರೆಯಿರದು?

ಮೊದಲು ದುಬಾರಿತನದ ನ್ಯಾಯವಾದ ಭಾಗವನ್ನು ಹೇಳಿಬಿಡುತ್ತೇನೆ. ಧ್ವನಿವರ್ಧಕವೆಂದರೆ ಗಾಳಿಯನ್ನು ಹಿಂದೆ ಮುಂದೆ ತಳ್ಳುವ ಒಂದು ಶಂಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಬಲದ ಸದ್ದಿಗೆ ನಾಲ್ಕರಷ್ಟು ಗಾಳಿಯನ್ನು ತಳ್ಳಬೇಕು. ಬಯಲಿನಲ್ಲಿ ನೆಲದ ಮೇಲಿಟ್ಟ ೧೨ ಅಂಗುಲದ ಶಂಕು ಒಂದು ಮೀಟರ್ ದೂರದಲ್ಲಿ ೧೦೦ ಡೆಸಿಬೆಲ್ ಸದ್ದು ಮಾಡಬೇಕೆನ್ನಿ. ೮೦ ಹರ್ಟ್ಸ್‌ನಲ್ಲಿ ಅದು ಆಚೀಚೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಲುಗಿದರೆ ಸಾಕು. ೪೦ರಲ್ಲಿ ಐದು ಮಿಲಿಮೀಟರ್. ೨೦ರಲ್ಲಿಯೋ, ಎರಡೂ ಕಡೆಗೆ ಸುಮಾರು ಎರಡೆರಡು ಸೆಂಟಿಮೀಟರ್! ಹೆಬ್ಬೆರಳ ಅಗಲದಷ್ಟು ದೂರ, ಸೆಕೆಂಡಿಗೆ ಇಪ್ಪತ್ತು ಸಲ, ಓರೆಯಾಗದೆ, ಅಂಕೆ ಮೀರದೆ ಹೋಗಿ ಬರಬೇಕು. ಇದಕ್ಕೆ ದೊಡ್ಡ ಅಯಸ್ಕಾಂತ, ಉದ್ದನೆಯ ಸುರುಳಿ, ನೂರಾರು ವಾಟ್‌ಗಳ ಶಕ್ತಿ, ನಡುಗದ ಪೆಟ್ಟಿಗೆ ಬೇಕು. ಇವು ಅಗ್ಗಕ್ಕೆ ಸಿಗುವುದಿಲ್ಲ.

ಅಗ್ಗದ ಪೆಟ್ಟಿಗೆ ಇಲ್ಲಿ ಒಂದು ಮೋಸ ಮಾಡುತ್ತದೆ. ಅದರ ಸುರುಳಿ ಅಯಸ್ಕಾಂತದ ಹಿಡಿತ ತಪ್ಪಿ ಹೊರಬಂದಾಗ ೨೦ರ ಸ್ವರ ವಿರೂಪಗೊಂಡು ೪೦, ೬೦ರ ಉಪಸ್ವರಗಳು ಹುಟ್ಟುತ್ತವೆ. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಕಿವಿಯ ಒಂದು ಪಕ್ಷಪಾತವನ್ನು ಅಳೆದು ತೋರಿಸಿದ್ದರು: ಮಧ್ಯಸ್ಥಾಯಿಯಲ್ಲಿ ಪಿಸುಮಾತನ್ನೂ ಹಿಡಿಯುವ ಕಿವಿ ಮಂದ್ರದಲ್ಲಿ ಕೆಪ್ಪಿನ ಹಾಗೆ. ಈಗಿನ ಮಾನಕಗಳಂತೆ ೨೦ ಹರ್ಟ್ಸ್ ಸ್ವರ ಕೇಳಿಸಲಾರಂಭಿಸಬೇಕಾದರೇ ಸುಮಾರು ೭೮ ಡೆಸಿಬೆಲ್ ಬಲ ಬೇಕು. ಹೀಗಾಗಿ ಕಿವಿಗೆ ಬೀಳುವುದು ಇಪ್ಪತ್ತರ ಸ್ವರವಲ್ಲ, ಅದರ ಹೆಸರಿನಲ್ಲಿ ಹೊರಟ ನಲವತ್ತು ಅರುವತ್ತರ ಗುಯ್ಗುಟ್ಟುವಿಕೆ. ಮದುವೆಯ ಛತ್ರಗಳಲ್ಲಿ ನಮ್ಮ ಕರುಳು ಕಲಕುವ ಸದ್ದು ಹೆಚ್ಚಾಗಿ ಈ ಜಾತಿಯದು.

ಪೆಟ್ಟಿಗೆಯ ಗಾತ್ರಕ್ಕೂ ಒಂದು ನಿಯಮವಿದೆ. ಅಮೆರಿಕದ ಕೆ.ಎಲ್.ಎಚ್. ಎಂಬ ಧ್ವನಿವರ್ಧಕ ಸಂಸ್ಥೆಯ ಹೆಸರಿನ ಕೊನೆಯ ಅಕ್ಷರ ಹಾಫ್‌ಮನ್ ಎಂಬವರದು. ಪ್ರಸಿದ್ಧ ಪಿಯಾನೋ ವಿದ್ವಾಂಸ ಜೋಸೆಫ್ ಹಾಫ್‌ಮನ್ನರ ಮಗ ಈತ. ತಂದೆ ಸ್ವರ ನುಡಿಸಿದರೆ ಮಗ ಅದರ ಲೆಕ್ಕ ಹಾಕಿದ! ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ಶಕ್ತಿಯ ಖರ್ಚು, ಈ ಮೂರರಲ್ಲಿ ಎರಡನ್ನು ಕೇಳು, ಮೂರನೆಯದನ್ನು ಬಿಡು ಎಂಬುದು ಈತನ ಹೆಸರಿನ 'ಕಬ್ಬಿಣದ ನಿಯಮ'. ಕೋಟಿ ಕೊಟ್ಟರೂ ಇದು ಸಡಿಲುವುದಿಲ್ಲ.

ಇನ್ನು ಐಷಾರಾಮದ ಪೆಟ್ಟಿಗೆಗಳ ಮಾತು. ಫ್ಲಾರಿಡಾದ ಜೆ.ಎಲ್. ಆಡಿಯೊ ಸಂಸ್ಥೆ ಈ ಶತಮಾನದ ಮೊದಲ ದಶಕದಲ್ಲಿ 'ಗಾಥಮ್' ಎಂಬುದನ್ನು ಹೊರತಂದಿತು. ಹದಿಮೂರೂವರೆ ಅಂಗುಲದ ಎರಡು ಶಂಕುಗಳು, ಒಂದೂವರೆ ಕ್ವಿಂಟಲ್‌ಗೂ ಮಿಕ್ಕ ತೂಕ, ಹತ್ತು ಸಾವಿರ ಡಾಲರಿಗೂ ಮೇಲಿನ ಬೆಲೆ. ಯೂಟಾ ರಾಜ್ಯದ ವಿಲ್ಸನ್ ಆಡಿಯೊ ಸಂಸ್ಥೆಯ 'ಥಾರ್ಸ್ ಹ್ಯಾಮರ್', ಎಂದರೆ ಉತ್ತರದೇಶದ ಗುಡುಗಿನ ದೇವತೆಯ ಸುತ್ತಿಗೆ, ಇಪ್ಪತ್ತು ಸಾವಿರ ಡಾಲರನ್ನು ದಾಟಿತು. ಅದನ್ನು ನಡೆಸುವ ಆಂಪ್ಲಿಫೈಯರನ್ನು ಬೇರೆಯಾಗಿ ಕೊಳ್ಳಬೇಕು. ಇವು ಕಳಪೆಯಲ್ಲ. ಬಹಳ ಚೆನ್ನಾಗಿಯೇ ಮಾಡಿದವು. ಆದರೆ ಸಾವಿರ ಡಾಲರಿನ ಆಜುಬಾಜಿನಲ್ಲಿಯೇ, ೨೦ ಹರ್ಟ್ಸ್‌ವರೆಗೆ ಸತ್ಯವಾಗಿ ಇಳಿಯಬಲ್ಲ ಸಬ್‌ವೂಫರುಗಳು ಈಗ ದೊರೆಯುತ್ತವೆ. ಪೆಟ್ಟಿಗೆಯನ್ನು ಬಯಲಿನಲ್ಲಿಟ್ಟು, ೨೦ರಿಂದ ೬೩ ಹರ್ಟ್ಸ್‌ವರೆಗೆ ಹಂತಹಂತವಾಗಿ, ವಿರೂಪವು ಗೊತ್ತಾದ ಮಿತಿಯನ್ನು ಮೀರದಂತೆ ಎಷ್ಟು ಸದ್ದು ಹೊರಡಿಸಬಲ್ಲದೆಂದು ಅಳೆಯುವ ಸಿಇಎ-೨೦೧೦ ಎಂಬ ಅಮೆರಿಕದ ಮಾನಕವೇ ಇದೆ. ಆ ಅಳತೆ ಪೆಟ್ಟಿಗೆಯ ಮೇಲಿನ ಹೆಸರನ್ನು ಓದುವುದಿಲ್ಲ. ಸಾವಿರದ ಆಚೆ ನೀವು ಕೊಡುವ ಹಣದಲ್ಲಿ ಒಂದು ಪಾಲು ಹೆಚ್ಚಿನ ಬಲಕ್ಕೆ ಸಲ್ಲುತ್ತದೆ, ನಿಜ. ದೊಡ್ಡ ಸಭಾಂಗಣದಂಥ ಹಜಾರವಿದ್ದರೆ ಅದು ಬೇಕಾದೀತು. ಉಳಿದ ಪಾಲು ಮರದ ಹೊಳಪಿಗೆ, ಕೈಗೆಲಸಕ್ಕೆ, ಹೆಸರಿಗೆ. ಥಾರ್ಸ್ಟೈನ್ ವೆಬ್ಲೆನ್ ೧೮೯೯ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಬೆಳ್ಳಿಯ ಚಮಚದ ಉದಾಹರಣೆ ಕೊಡುತ್ತಾನೆ: ಯಂತ್ರದ ಚಮಚವೂ ಅದೇ ಕೆಲಸ ಮಾಡುತ್ತದೆ, ಆದರೆ ಬೆಲೆಯ ಅರಿವೇ ಚೆಲುವಿನ ಅರಿವಾಗಿ ನಮ್ಮನ್ನು ಮರುಳುಗೊಳಿಸುತ್ತದೆ, ಎಂದು.

ಕಿವಿಯೂ ಹೀಗೆ ಮರುಳಾಗುತ್ತದೆಯೇ? ಆಗುತ್ತದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ವಿಜ್ಞಾನಿಗಳು ೧೯೯೪ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಅವರಿಬ್ಬರೂ ಧ್ವನಿವರ್ಧಕಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯಲ್ಲಿಯೇ ಕೆಲಸಕ್ಕಿದ್ದವರು ಎಂಬುದನ್ನು ಗಮನಿಸಬೇಕು. ನಾಲ್ಕು ಬಗೆಯ ಧ್ವನಿವರ್ಧಕಗಳನ್ನು ಶ್ರೋತೃಗಳು ಒಮ್ಮೆ ಕಣ್ಣಾರೆ ಕಾಣುತ್ತ, ಒಮ್ಮೆ ತೆರೆಯ ಮರೆಯಲ್ಲಿ ಕೇಳಿ ಅಂಕ ಕೊಟ್ಟರು. ಅವುಗಳಲ್ಲೊಂದು ಸಣ್ಣ ಪೆಟ್ಟಿಗೆಗಳಿಗೆ ಸಬ್‌ವೂಫರ್ ಜೊತೆಗೂಡಿಸಿದ ಅಗ್ಗದ ಜೋಡಣೆ. ಮರೆಯಲ್ಲಿದ್ದಾಗ ದೊಡ್ಡವುಗಳ ಜೊತೆಗೆ ಸರಿಸಮನಾಗಿ ನಿಂತದ್ದು, ತೆರೆ ಸರಿಸಿದೊಡನೆ ಕೆಳಗೆ ಬಿತ್ತು. ಘನವಾಗಿ ಕಾಣುವವು ಮೇಲೇರಿದವು. ಸದ್ದು ಬದಲಾಗಿರಲಿಲ್ಲ. ಅಂಗಡಿಯಲ್ಲಿ ನಾವು ಯಾವಾಗಲೂ ತೆರೆ ಸರಿಸಿದ ಮೇಲೆಯೇ ಕೇಳುತ್ತೇವೆ. ಮೇಲಾಗಿ ಮಂದ್ರದಲ್ಲಿ ಸ್ವಲ್ಪವೇ ಬಲ ಹೆಚ್ಚಿಸಿದರೂ ಕಿವಿಗೆ ಬಹಳವೆನಿಸುವುದರಿಂದ, ಒಂದು ಗುಂಡಿಯನ್ನು ಎಳ್ಳಷ್ಟು ತಿರುಗಿಸಿ ಯಾವುದನ್ನು ಬೇಕಾದರೂ ಉತ್ತಮವೆನಿಸಬಹುದು. ನಾವು ಹೋದ ಅಂಗಡಿಯಲ್ಲಿಯೂ ಹೀಗಾಯಿತೆಂದು ನನ್ನ ಗುಮಾನಿ.

ಹಾಗೆಂದು ಮಂದ್ರವನ್ನು ಹಗುರವಾಗಿ ಕಾಣುವಂತಿಲ್ಲ. ಇದೇ ಆಲಿವ್ ೨೦೦೪ರಲ್ಲಿ ಲೆಕ್ಕ ಹಾಕಿದಂತೆ, ಶ್ರೋತೃಗಳು ಒಂದು ಧ್ವನಿವರ್ಧಕವನ್ನು ಮೆಚ್ಚುವುದರಲ್ಲಿ ಸುಮಾರು ಶೇಕಡಾ ೩೦ ಪಾಲು ಮಂದ್ರದ್ದೇ.

ಈಗ ನನ್ನ ಶಿಷ್ಯರ ಹಜಾರಕ್ಕೆ ಬನ್ನಿ. ಬೆಂಗಳೂರಿನ ವಸತಿ ಸಮುಚ್ಚಯವೊಂದರ ನಾಲ್ಕನೆಯ ಅಂತಸ್ತು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಅವರಲ್ಲಿ ೧೨ ಅಂಗುಲದ ಸಾಧಾರಣ ಸಬ್‌ವೂಫರ್ ಒಂದು ಆಗಲೇ ಇತ್ತು. "ಇದರಲ್ಲಿ ಮಂದ್ರವೇ ಇಲ್ಲ ಸಾರ್" ಎಂಬುದು ಅವರ ದೂರು. ಆದ್ದರಿಂದಲೇ ದೊಡ್ಡದರ ಹಂಬಲ. ಆರ್ಗನ್ನಿನ ಧ್ವನಿಮುದ್ರಿಕೆಯನ್ನು ಹಾಕಿದರು. ಸೋಫಾದ ಮೇಲೆ ಕುಳಿತ ನನಗೂ ಅದು ಸಪ್ಪೆಯೆನಿಸಿತು. ನೀರು ಕುಡಿಯಲೆಂದು ಎದ್ದು ಹಿಂದಿನ ಗೋಡೆಯ ಬಳಿಗೆ ಹೋದೆ ನೋಡಿ, ನೆಲವೇ ಗುಡುಗಿದ ಹಾಗಾಯಿತು! ತಿರುಗಿ ಸೋಫಾದ ಬಳಿ ಬಂದರೆ ಮತ್ತೆ ಮೌನ. ಲೋಟ ಹಿಡಿದುಕೊಂಡೇ ನಾಲ್ಕಾರು ಸಲ ಓಡಾಡಿದೆ. ಆ ಮನೆಯ ಯಜಮಾನತಿಗೆ ಗುರುಗಳ ಬುದ್ಧಿಯ ವಿಷಯದಲ್ಲಿ ಸಂದೇಹ ಹುಟ್ಟಿರಬೇಕು.

ಕಾರಣ ಸರಳ. ಶಬ್ದ ಸೆಕೆಂಡಿಗೆ ಸುಮಾರು ೩೪೪ ಮೀಟರ್ ಓಡುತ್ತದೆ. ೩೪ ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಹತ್ತು ಮೀಟರ್. ಅದರ ಅರ್ಧ ಐದು ಮೀಟರ್, ಸರಿಯಾಗಿ ಆ ಹಜಾರದ ಉದ್ದ. ಇಂಥ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿ ನಿಂತುಬಿಡುತ್ತದೆ: ಗೋಡೆಗಳ ಬಳಿ ಅಬ್ಬರ, ನಟ್ಟನಡುವೆ ಶೂನ್ಯ. ಸೋಫಾ ಇದ್ದದ್ದು ನಟ್ಟನಡುವೆ. ಆರ್ಗನ್ನಿನ ೧೬ ಅಡಿಯ ಕೊಳವೆಯ ಅತಿ ಕೆಳಗಿನ ಸ್ವರ ಸುಮಾರು ೩೩ ಹರ್ಟ್ಸ್. ಅವರು ಸಿಡ್ನಿಯಿಂದ ಹೊತ್ತು ತಂದ ಸ್ವರವನ್ನೇ ಅವರ ಮನೆ ನುಂಗಿತ್ತು. 'ಥಾರನ ಸುತ್ತಿಗೆ'ಯನ್ನು ಅಲ್ಲಿ ತಂದಿಟ್ಟಿದ್ದರೂ ಆ ಶೂನ್ಯ ಶೂನ್ಯವಾಗಿಯೇ ಉಳಿಯುತ್ತಿತ್ತು. ಗೋಡೆಗಳ ಬಳಿಯ ಅಬ್ಬರ ಮಾತ್ರ ಹೆಚ್ಚುತ್ತಿತ್ತು.

ಸೋಫಾವನ್ನು ಒಂದು ಮೀಟರಿನಷ್ಟು ಹಿಂದಕ್ಕೆ ತಳ್ಳಿದೆವು. ಆಮೇಲಿನದು ಭೌತಶಾಸ್ತ್ರದ ಮಿತ್ರರು ಹೇಳಿಕೊಟ್ಟ ಉಪಾಯ. ಸದ್ದಿನ ಮೂಲ ಮತ್ತು ಕೇಳುವ ಕಿವಿ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಂಡರೆ ಕೇಳಿಸುವ ಸದ್ದಿನಲ್ಲಿ ಭೇದವಾಗದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಲಾರ್ಡ್ ರೇಲೆ ತೋರಿಸಿದ್ದಾನೆ. ಅಂದರೆ, ಪೆಟ್ಟಿಗೆಯನ್ನು ಎತ್ತಿ ಸೋಫಾದ ಮೇಲೆ ಕೂರಿಸಬೇಕು. ಪೆಟ್ಟಿಗೆಯಿಡಬಹುದಾದ ಜಾಗಗಳಲ್ಲೆಲ್ಲ ಕಿವಿಯನ್ನು ನೆಲಮಟ್ಟಕ್ಕೆ ತಂದು ಕೇಳಬೇಕು. ಎಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳುತ್ತವೆಯೋ ಅದೇ ಪೆಟ್ಟಿಗೆಗೆ ತಕ್ಕ ಸ್ಥಳ. ಹೀಗೆ ಅರುವತ್ತು ದಾಟಿದ ಗುರುಶಿಷ್ಯರಿಬ್ಬರು, ಸಿಂಹಾಸನವೇರಿದ ಪೆಟ್ಟಿಗೆಯ ಮುಂದೆ, ಮೊಣಕಾಲೂರಿ ಅರ್ಧ ಗಂಟೆ ತೆವಳಿದೆವು. ಮೂಲೆಯಲ್ಲಿ ಗುಮ್ಮೆನ್ನುತ್ತಿತ್ತು, ಅಡ್ಡಗೋಡೆಯ ನಡುಭಾಗದಲ್ಲಿ ಹದವಾಗಿತ್ತು. ಖರ್ಚು ಏನೂ ಇಲ್ಲ, ಮೊಣಕಾಲಿಗೆ ಹಚ್ಚಿದ ಎಣ್ಣೆಯ ಹೊರತು.

೨೦೦೨ರಲ್ಲಿ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಎಂಬವರು ಒಂದು ಕೋಣೆಗೆ ಎಷ್ಟು ಸಬ್‌ವೂಫರ್ ಸಾಕೆಂದು ಲೆಕ್ಕ ಹಾಕಿ ನೋಡಿದ್ದರು. ಎದುರುಬದುರು ಗೋಡೆಗಳ ನಡುವಿನಲ್ಲಿ ಒಂದೊಂದು ಇಟ್ಟರೆ ಎಲ್ಲ ಆಸನಗಳಿಗೂ ಮಂದ್ರ ಬಹುಮಟ್ಟಿಗೆ ಸಮನಾಗುತ್ತದೆಂಬುದು ಅವರ ತೀರ್ಮಾನಗಳಲ್ಲೊಂದು. ಗೋಡೆಯಿಂದ ಗೋಡೆಗೆ ಸಿಕ್ಕಿನಿಂತ ಅಲೆಯ ಎರಡು ತುದಿಗಳು ಒಂದಕ್ಕೊಂದು ವಿರೋಧವಾಗಿ ಏರಿಳಿಯುತ್ತವೆ. ಎರಡೂ ತುದಿಯಿಂದ ಒಂದೇ ಬಗೆಯಾಗಿ ನೂಕಿದರೆ ಆ ಅಲೆ ಹುಟ್ಟುವುದೇ ಇಲ್ಲ. ತೊಟ್ಟಿಲನ್ನು ಇಬ್ಬರು ಎರಡು ಕಡೆಯಿಂದ ಒಟ್ಟಿಗೆ ತಳ್ಳಿದರೆ ಅದು ತೂಗದೆ ನಿಲ್ಲುವ ಹಾಗೆ. ನನ್ನ ಶಿಷ್ಯರು ಇದ್ದ ಪೆಟ್ಟಿಗೆಯ ಜಾತಿಯದೇ ಇನ್ನೊಂದನ್ನು ಕೊಂಡರು. ಎರಡನ್ನೂ ಸೇರಿಸಿದರೂ ಬೆಲೆ, ಅವರು ಆಸೆಪಟ್ಟಿದ್ದರ ಹತ್ತರಲ್ಲೊಂದು ಭಾಗವಾಗಲಿಲ್ಲ.

ಇನ್ನು ನಮ್ಮ ಸಂಗೀತಕ್ಕೆ ಇದರಿಂದ ಏನು ಲಾಭ? ಕರಿ ಒಂದರ ಶ್ರುತಿಗೆ ಕೂಡಿಸಿದ ಗಂಡಸರ ತಂಬೂರಿಯ ಮಂದ್ರಷಡ್ಜದ ತಂತಿ ಸುಮಾರು ೬೯ ಹರ್ಟ್ಸ್. ನಮ್ಮ ಗಾಯನ ಕಚೇರಿಯಲ್ಲಿ ಅದರ ಕೆಳಗೆ ಹೆಚ್ಚೇನೂ ನಡೆಯುವುದಿಲ್ಲ. ಮೃದಂಗದ ಚರ್ಮ ಹೇಗೆ ಸುಸ್ವರವಾಗಿ ನುಡಿಯುತ್ತದೆಂಬುದನ್ನು ಸರ್ ಸಿ. ವಿ. ರಾಮನ್ನರು ೧೯೨೦ರಲ್ಲಿಯೂ, ಬೆಂಗಳೂರಿಗೆ ಬಂದ ಬಳಿಕ ೧೯೩೪ರಲ್ಲಿಯೂ ಬರೆದು ವಿವರಿಸಿದರು. ಅದರ ಎಡಮುಖದ ಗಂಭೀರನಾದವೂ ಪಾತಾಳಕ್ಕಿಳಿಯುವಂಥದಲ್ಲ. ಪಾಶ್ಚಾತ್ಯ ವಾದ್ಯಗಳಲ್ಲಿಯೂ ಪಿಯಾನೋದ ಕಟ್ಟಕಡೆಯ ಮನೆ ೨೭.೫, ಡಬಲ್‌ಬಾಸ್‌ನ ದಪ್ಪ ತಂತಿ ೪೧. ಇಪ್ಪತ್ತರ ಕೆಳಗೆ ಆರ್ಗನ್, ಫಿರಂಗಿ, ಸಿನಿಮಾದ ಭೂಕಂಪ, ಇಷ್ಟೇ.

ಇದನ್ನು ಪರೀಕ್ಷಿಸಿಯೇ ಬಿಡೋಣವೆಂದು ಆ ಮನೆಯಾಕೆ ಹಟ ಹಿಡಿದರು. ನನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿ, ತಾವು ಚೀಟಿಯೆತ್ತಿ ಸಬ್‌ವೂಫರುಗಳನ್ನು ಹಾಕುವುದು, ತೆಗೆಯುವುದು ಮಾಡಿದರು. ಅವರ ಮುಖ್ಯ ಧ್ವನಿವರ್ಧಕಗಳು ತಾವಾಗಿಯೇ ೫೦ ಹರ್ಟ್ಸ್‌ವರೆಗೆ ಇಳಿಯುವಂಥವು. ಗಾಯನ ಕಚೇರಿಯ ಮುದ್ರಿಕೆಯಲ್ಲಿ ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಆರ್ಗನ್ನಿನಲ್ಲಿ ಹತ್ತಕ್ಕೆ ಹತ್ತು. ಪೆಟ್ಟಿಗೆಗಳಿಲ್ಲದಾಗಲೂ ಸ್ವರ ಯಾವುದೆಂದು ಕಿವಿ ಊಹಿಸುತ್ತಿತ್ತು. ಇದ್ದಾಗ ಊಹಿಸಬೇಕಾಗಿರಲಿಲ್ಲ, ಕುಳಿತ ಕುರ್ಚಿಯ ಕೈಗೆ ಅದು ಗೊತ್ತಾಗುತ್ತಿತ್ತು. ಮಿದುಳು ಬಿಟ್ಟಿಯಾಗಿ ತುಂಬಿಕೊಡುವುದು ಸ್ವರದ ಹೆಸರನ್ನು ಮಾತ್ರ, ಅದರ ಭಾರವನ್ನಲ್ಲ ಎಂದು ನನಗೆ ಅಂದು ತಿಳಿಯಿತು. ಅಷ್ಟರಮಟ್ಟಿಗೆ ಸಬ್‌ವೂಫರಿಗೆ ಹಣ ಕೊಡುವುದು ನ್ಯಾಯವೇ. ಐಷಾರಾಮದ ಬೆಲೆಗೆ ಮಾತ್ರ ಆ ಹಜಾರದಲ್ಲಿ ನನಗೆ ಸಮರ್ಥನೆ ಕಾಣಲಿಲ್ಲ. ಸ್ವಂತ ಬಂಗಲೆ, ದೊಡ್ಡ ಹಜಾರ ಇದ್ದು, ಉಳಿದ ಅಗತ್ಯಗಳೆಲ್ಲ ಪೂರೈಸಿದ್ದು, ಒಳ್ಳೆಯ ಮರಗೆಲಸವನ್ನು ಪ್ರೀತಿಸುವವರು ಕೊಂಡರೆ ನನ್ನ ತಕರಾರಿಲ್ಲ. ವೀಣೆಗೆ ದಂತದ ಕೆಲಸ ಮಾಡಿಸಿದವರನ್ನು ನಾವು ಬೈದವರಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಗೋಡೆ ತಾರಸ್ವರವನ್ನು ತಡೆಯುವಷ್ಟು ಮಂದ್ರವನ್ನು ತಡೆಯಲಾರದು. ಕಂಪನ ತಗ್ಗಿದಷ್ಟೂ ಅದರ ತಡೆ ತಗ್ಗುತ್ತದೆ. ಮಾತು ಈಚೆಯೇ ಉಳಿದರೂ ಗುಡುಗು ಆಚೆಗೆ ದಾಟುತ್ತದೆ. ಎರಡನೆಯ ಪೆಟ್ಟಿಗೆ ಬಂದ ವಾರದಲ್ಲಿ ಕೆಳಗಿನ ಮನೆಯ ತಾಯಿ, ಕೈಯಲ್ಲಿ ಆರು ತಿಂಗಳ ಕೂಸನ್ನೆತ್ತಿಕೊಂಡು, ಮೇಲೆ ಬಂದರು. ಕೋಪದಿಂದಲ್ಲ, ಮನೆಯ ಪಾತ್ರೆಗಳು ತಾವಾಗಿ ಸದ್ದು ಮಾಡುತ್ತಿವೆ, ನಿಮ್ಮಲ್ಲಿಯೂ ಹೀಗಾಗುತ್ತಿದೆಯೇ ಎಂದು ಕೇಳಲು. ನನ್ನ ಶಿಷ್ಯರು ಅವರನ್ನು ಒಳಗೆ ಕರೆದು ಆರ್ಗನ್ ಕೇಳಿಸಿದರಂತೆ. ಈಗ ಇಬ್ಬರಿಗೂ ಒಪ್ಪಿಗೆಯಾಗಿರುವಂತೆ ಸಂಜೆ ಐದರಿಂದ ಆರರವರೆಗೆ, ಕೂಸು ಅಜ್ಜಿಯ ಜೊತೆ ಉದ್ಯಾನಕ್ಕೆ ಹೋಗಿರುವಾಗ, ಪೆಟ್ಟಿಗೆಗಳು ನುಡಿಯುತ್ತವೆ. ಮಳೆ ಬಂದು ಕೂಸು ಮನೆಯಲ್ಲೇ ಉಳಿದ ದಿನ ಅವರು ತಂಬೂರಿಯ ಸಂಗೀತವನ್ನು ಹಾಕಿಕೊಳ್ಳುತ್ತಾರೆ.